ಕದರಮ್ಮ ನಡೆಯಲು ಒಂದು ನೆಪ

ತುಮಕೂರಿನ ಡಾಕ್ಟರು ಕದರಮ್ಮನ ಎದೆಯೊಳಗಿನ ರಕ್ತನಾಳಕ್ಕೆ ಪೆನ್ನಿನ ಸ್ಪ್ರಿಂಗಿನಂಥದ್ದೊಂದನ್ನು ಕೂರಿಸಿ, ಐದನೆಯ ದಿನ ಮನೆಗೆ ಕಳಿಸುವಾಗ ಮೂರು ಮಾತು ಹೇಳಿದರು. ಮೂರನ್ನೂ ನೆಟ್ಟಗೆ ಕೇಳಿಸಿಕೊಂಡವಳು ಸೊಸೆ ಗಂಗಲಕ್ಷ್ಮಿ ಒಬ್ಬಳೇ. ಮಗ ಮುತ್ತುರಾಜು ತನ್ನ ಗೂಡ್ಸ್ ಆಟೊವನ್ನು ಆಸ್ಪತ್ರೆಯ ಗೇಟಿಗೆ ಅಡ್ಡ ನಿಲ್ಲಿಸಿ ಬಂದಿದ್ದರಿಂದ ಅವನ ಕಿವಿ ಹೊರಗಿನ ಹಾರನ್ನುಗಳ ಮೇಲಿತ್ತು. ಗಂಡ ಮೂಡಲಗಿರಿಯಪ್ಪ ಡಾಕ್ಟರ ಪ್ರತಿ ಮಾತಿಗೂ ತಲೆಯಾಡಿಸಿದ. ಆದರೆ ಮೂವತ್ತು ವರ್ಷ ಕಡಲೆಕಾಯಿ ಮಿಲ್ಲಿನ ಸದ್ದಿನಲ್ಲಿ ದುಡಿದು ಅರ್ಧ ಕಿವುಡಾದ ಆತ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದ.

ಮೊದಲನೆಯದು, ಉಪ್ಪು ಕಡಿಮೆ. ಎರಡನೆಯದು, ಬೆಳಗಿನ ಮಾತ್ರೆ ಒಂದು ವರ್ಷ ಒಂದು ದಿನವೂ ತಪ್ಪಬಾರದು; ಖಾಲಿ ಹೊಟ್ಟೆಗೆ ಬೇಡ, ತಿಂಡಿ ತಿಂದು ನುಂಗಬೇಕು. ಮೂರನೆಯದು, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಡಿಗೆ. ನಿಲ್ಲದೆ, ಕೈಯಲ್ಲಿ ಭಾರ ಹಿಡಿಯದೆ.

"ನಿಮ್ಮ ಏರಿಯಾದಲ್ಲಿ ಪಾರ್ಕ್ ಇದೆಯಾ?" ಎಂದು ಡಾಕ್ಟರು ಕೇಳಿದರು.

"ಐತೆ ಸಾರ್," ಎಂದ ಮುತ್ತುರಾಜು.

ಅದು ಪೂರ್ತಿ ಸುಳ್ಳಲ್ಲ. ಶಿರಾದಲ್ಲಿ ಹೆದ್ದಾರಿಗೂ ಮಿಲ್ಲುಗಳಿಗೂ ನಡುವೆ ಸಿಕ್ಕಿಕೊಂಡ ಅವರ ಬೀದಿಯ ಕೊನೆಯಲ್ಲಿ 'ಉದ್ಯಾನವನಕ್ಕೆ ಕಾಯ್ದಿರಿಸಿದ ಜಾಗ' ಎಂಬ ಬೋರ್ಡು ಇತ್ತು. ಬೋರ್ಡಿನ ಹಿಂದೆ ಒಂದು ಟ್ರಾನ್ಸ್‌ಫಾರ್ಮರು, ಕೆಟ್ಟು ನಿಂತ ಎರಡು ಲಾರಿ, ಆಳೆತ್ತರದ ಕಡಲೆಕಾಯಿ ಸಿಪ್ಪೆಯ ಗುಡ್ಡೆ. ಹೈಸ್ಕೂಲಿನ ಮೈದಾನಕ್ಕೆ ಬೀಗ. ಸರ್ವಿಸ್ ರಸ್ತೆಯಲ್ಲಿ ಲಾರಿಗಳು ಎದುರಿನಿಂದಲೂ ಬರುತ್ತಿದ್ದವು, ಹಿಂದಿನಿಂದಲೂ ಬರುತ್ತಿದ್ದವು. ಚರಂಡಿಯ ಮೇಲಿನ ಕಲ್ಲುಚಪ್ಪಡಿಗಳಲ್ಲಿ ಮೂರಕ್ಕೊಂದು ಇರಲಿಲ್ಲ. ಕೋಳಿ ಅಂಗಡಿಯ ನಾಯಿಗಳಿಗೆ ಮೂಳೆ ಸಾಲದೆ ಹೋದ ದಿನ ಆ ಕಡೆ ಯಾರೂ ತಲೆಹಾಕುತ್ತಿರಲಿಲ್ಲ. ಉಳಿದದ್ದು ಮನೆಯ ಮುಂದಿನ ಬೀದಿ ಒಂದೇ. ಅಲ್ಲಿ ಲಾರಿ ಇಲ್ಲ, ನಾಯಿ ಇಲ್ಲ, ಮನೆಗಳಿದ್ದವು. ಮನೆಗಳ ಮುಂದೆ ಜಗಲಿಗಳಿದ್ದವು, ಜಗಲಿಗಳ ಮೇಲೆ ಜನರಿದ್ದರು.

ಮೊದಲ ದಿನ ಕದರಮ್ಮ ಹೊರಟು ಹತ್ತು ಹೆಜ್ಜೆ ಇಟ್ಟಿರಲಿಲ್ಲ.

"ಎಲ್ಲಿಗಮ್ಮೋ?" ಎಂದಳು ಎದುರು ಮನೆಯವಳು.

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ದೆ ಎಲ್ಲಿಗೆ ಹೊಂಟೆ ಮತ್ತೆ?"

ಎರಡು ಮನೆ ದಾಟಿದರೆ ಬೀಡಿ ಕಟ್ಟುತ್ತಿದ್ದ ಫಾತಿಮಾಬಿ. "ಅರೆ ಕದರಮ್ಮಾ, ಖಾಲಿ ಹಾತ್ ಎಲ್ಲಿಗೆ ಹೋಗ್ತೀ? ಮನೇಲಿ ಜಗಳ ಆಯ್ತಾ?" ಮೂಲೆಯಲ್ಲಿ ಹಾಲಿನ ಸಿದ್ದಗಂಗಯ್ಯ. "ಯಾರ ಮನೆ ಹುಡುಕ್ತಾ ಇದ್ದೀಯಮ್ಮ?" ಅದೇ ದಾರಿಯಲ್ಲಿ ಎರಡನೆಯ ಸಲ ಬಂದಾಗ ಆತ ಗಾಬರಿಯಿಂದ ಎದ್ದೇ ನಿಂತ. "ಏನಾರ ಕಳಕಂಡ್ಯಾ?"

ಏಳು ನಿಮಿಷಕ್ಕೆ ಕದರಮ್ಮ ಮನೆ ಸೇರಿದಳು. "ನಂಗಾಗಲ್ಲ ಕಣೇ," ಎಂದು ಸೊಸೆಯ ಮುಂದೆ ಕೂತಳು. "ಎದೆ ನೋವಾರ ತಡ್ಕಬೌದು. ಮಾಡಕ್ಕೆ ಗೇಯ್ಮೆ ಇಲ್ದವಳಂಗೆ ಕೈ ಬೀಸ್ಕಂಡು ಬೀದಿ ಸುತ್ತು ಅಂದ್ರೆ ಹೆಂಗೆ?"

ಒಳಗೆ ಎಲೆಅಡಿಕೆ ಕುಟ್ಟುತ್ತಿದ್ದ ಕದರಮ್ಮನ ಅತ್ತೆ ಓಬಳಮ್ಮ, ಎಂಬತ್ತು ದಾಟಿದವಳು, ಸದ್ದು ನಿಲ್ಲಿಸಿದಳು. "ನಮ್ಮ ಕಾಲ್ದಾಗೆ ಕಾಲು ಇದ್ದಿದ್ದು ಎಲ್ಲಿಗಾರ ಹೋಗಕ್ಕೆ. ಈಗ ಸುಮ್ನೆ ಆಡ್ಸಕ್ಕೂ ಕಾಸು ಕೊಟ್ಟು ಡಾಕ್ಟ್ರನ್ನ ಕೇಳ್ಕಂಡು ಬರ್ತಾರೆ."

ಗಂಗಲಕ್ಷ್ಮಿ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಬೆಳಿಗ್ಗೆ ಏಳೂಕಾಲಿಗೆ ಕಂಪನಿ ವ್ಯಾನು ಹತ್ತಿದರೆ ಸಂಜೆ ಆರೂವರೆಗೆ ಇಳಿಯುತ್ತಿದ್ದಳು. ಸೂಪರ್‌ವೈಸರನಿಂದ ರಜೆ ಪಡೆಯಲು ಎಂಟು ವರ್ಷದಲ್ಲಿ ಅವಳು ಹೇಳಿದ್ದ ಕಾರಣಗಳಲ್ಲಿ ಒಂದೂ ಸಿಕ್ಕಿಬಿದ್ದಿರಲಿಲ್ಲ. ಬೀದಿಗೆ ಬೇಕಾದದ್ದು ಒಂದು ನೆಪ ತಾನೆ ಎಂದುಕೊಂಡು, ಮೂಲೆಯಲ್ಲಿದ್ದ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ತಂದು ಅತ್ತೆಯ ಕೈಗಿಟ್ಟಳು.

"ಖಾಲಿ ಕ್ಯಾನು ಹಿಡ್ಕಂಡು ಫಿಲ್ಟರ್ ನೀರಿನ ಘಟಕದ ತನಕ ಹೋಗಿ. ಕ್ಯೂ ಐತೆ ಅಂತ ವಾಪಸ್ ಬನ್ನಿ. ಆಮೇಲೆ ಕ್ಯೂ ಕರಗೈತಾ ನೋಡಕ್ಕೆ ಇನ್ನೊಂದ್ ಸಲ ಹೋಗಿ. ಯಾರೂ ಕೇಳಲ್ಲ."

ಯಾರೂ ಕೇಳಲಿಲ್ಲ. ಕ್ಯಾನು ಹಿಡಿದ ಹೆಂಗಸು ಎಷ್ಟು ಸಲ ಬೀದಿಯಲ್ಲಿ ಹಾದುಹೋದರೂ ಅದು ಲೋಕದ ಸಹಜ ವ್ಯವಹಾರ. ಫಾತಿಮಾಬಿ ತಲೆಯೆತ್ತಲೂ ಇಲ್ಲ. ಎರಡು ವಾರ ಕದರಮ್ಮ ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ನಡೆದಳು. ಮುಖಕ್ಕೆ ಕಳೆ ಬಂತು. ಗಂಗಲಕ್ಷ್ಮಿ ವ್ಯಾನಿನಲ್ಲಿ ಈ ಉಪಾಯವನ್ನು ನಾಲ್ಕು ಜನರಿಗೆ ಹೇಳಿಕೊಂಡಳು.

ಮೂರನೆಯ ವಾರದ ಒಂದು ಸಂಜೆ ವ್ಯಾನು ಇಳಿದು ಬೀದಿಗೆ ತಿರುಗಿದಾಗ ಕಂಡದ್ದು ಬೇರೆ. ಕದರಮ್ಮನ ಸೊಂಟದ ಮೇಲೆ ತುಂಬಿದ ಕ್ಯಾನು. ಇನ್ನೊಂದು ಕೈಯಲ್ಲಿ ಗಿರಣಿಯಲ್ಲಿ ಬೀಸಿಸಿದ ರಾಗಿ ಹಿಟ್ಟಿನ ಚೀಲ. ಬಾಯಿ ತೆರೆದು ಉಸಿರು ಎಳೆಯುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ಬರುತ್ತಿದ್ದಳು. ಗಂಗಲಕ್ಷ್ಮಿ ಓಡಿ ಹೋಗಿ ಕಿತ್ತುಕೊಂಡಳು.

ಮುದ್ದೆಯ ತಟ್ಟೆಗಳ ಮುಂದೆ ಜಗಳ ಹತ್ತಿಕೊಂಡಿತು.

"ಯಾರು ತುಂಬ್ಸಕ್ಕೆ ಹೇಳಿದ್ದು?"

"ಹೆಂಗೂ ಹೋಗ್ತಾಳಲ್ಲ ಅಂದೆ," ಎಂದಳು ಓಬಳಮ್ಮ. "ನೀರಿನ ಮನೆಗಂಟ ಹೋಗಿ ಖಾಲಿ ಕೊಡ ತರೋದು ಯಾವ ಸೀಮೆ ಸಂಸಾರನಮ್ಮ? ನೋಡಿದವ್ರು ಉಗೀತಾರೆ."

"ಹಿಟ್ಟು?"

ಮುತ್ತುರಾಜು ಸಾರಿನೊಳಗೆ ಬೆರಳಾಡಿಸಿದ. "ಅದೇ ದಾರಿಲಿ ಅಲ್ವಾ ಹಿಟ್ಟಿನ ಗಿರಣಿ. ಹೆಂಗೂ ಹೋಗ್ತಾಳೆ ಅಂತ."

"ನಿಮ್ ಆಟೊನೂ ಅದೇ ದಾರಿಲಿ ತಾನೆ ಹೋಗೋದು? ಅದಕ್ಕೆ ಹಾರ್ಟ್ ಆಪ್ರೇಶನ್ ಆಗೈತಾ?"

"ಲೇ, ನೀನೇ ತಾನೇ ಕ್ಯಾನ್ ಕೊಟ್ಟೋಳು?"

ಮೂಡಲಗಿರಿಯಪ್ಪ ಇಬ್ಬರಿಗೂ ತಲೆಯಾಡಿಸಿ, ಸಾರಿಗೆ ಉಪ್ಪು ಸಾಲದೆಂದು ಕೈಸನ್ನೆ ಮಾಡಿದ. ಉಪ್ಪಿನ ಡಬ್ಬಿಯನ್ನು ಗಂಗಲಕ್ಷ್ಮಿ ಬೀರುವಿನಲ್ಲಿಟ್ಟು ಬೀಗ ಹಾಕಿ ಮೂರು ವಾರವಾಗಿತ್ತು. ಓಬಳಮ್ಮ ತನ್ನ ಎಲೆಅಡಿಕೆ ಚೀಲದಿಂದ ಒಂದು ಪೊಟ್ಟಣ ತೆಗೆದು, ಮಗನ ತಟ್ಟೆಗೆ ಚಿಟಿಕೆ ಉದುರಿಸಿ, ಮತ್ತೆ ಒಳಗಿಟ್ಟುಕೊಂಡಳು. ಎಲ್ಲರೂ ನೋಡಿದರು.

"ನಾನೇ ಹೊತ್ತಿದ್ದು," ಎಂದಳು ಕದರಮ್ಮ ಕೊನೆಗೆ. "ಹೊರೆ ಇದ್ರೆ ಯಾರೂ ನಿಲ್ಸಲ್ಲ. ಪಾಪ, ಭಾರ ಹೊತ್ತವಳೆ ಅಂತ ದಾರಿ ಬುಡ್ತಾರೆ. ಅಂಗೇ ಒಸಿ ವಾಸಿ."

ಹೊರೆ ಹಾಕಲಾಗದಂಥ ನೆಪ ಬೇಕು. ಭಾನುವಾರ ಬಟ್ಟೆ ಒಣಹಾಕುವಾಗ ಗಂಗಲಕ್ಷ್ಮಿಗೆ ಅದೂ ಹೊಳೆಯಿತು. ಮಿಲ್ಲಿನ ಗೋಡೆಗೆ ಅಂಟಿಕೊಂಡಂತೆ ಒಂದು ಆಂಜನೇಯನ ಗುಡಿ ಇತ್ತು. ಸುತ್ತಲೂ ಹಾಸುಗಲ್ಲು, ಅದರ ಸುತ್ತ ಎದೆಮಟ್ಟದ ಕಾಂಪೌಂಡು, ಮೇಲೆ ಅರಳಿಮರದ ನೆರಳು. ಲಾರಿ ಬರುವಂತಿಲ್ಲ, ನಾಯಿ ಬಂದರೆ ಪೂಜಾರಿ ರಂಗಯ್ಯ ಗಂಟೆಯ ಕೋಲು ಎಸೆಯುತ್ತಾನೆ. ಇಡೀ ವಾರ್ಡಿನಲ್ಲಿ ಮನುಷ್ಯರು ನಡೆಯಲೆಂದೇ ಕಟ್ಟಿದ ಜಾಗ ಅದೊಂದೇ. ಪ್ರದಕ್ಷಿಣೆ ಹಾಕುವವಳ ಕೈಗೆ ಯಾರೂ ಹಿಟ್ಟಿನ ಚೀಲ ಕೊಡುವುದಿಲ್ಲ. ಎಲ್ಲಿಗೆಂದು ಕೇಳುವುದೂ ಇಲ್ಲ, ಹೋದಲ್ಲಿಗೇ ಬರುತ್ತಿರುವುದು ಕಾಣುತ್ತಲೇ ಇರುತ್ತದೆ.

ಗಂಗಲಕ್ಷ್ಮಿ ಬಟ್ಟೆಯ ಹಗ್ಗದ ಮೇಲಿಂದಲೇ ಎದುರು ಮನೆಗೆ ಕೇಳುವಂತೆ ಹೇಳಿದಳು. "ನಮ್ಮತ್ತೆ ಆಸ್ಪತ್ರೇಲಿ ಇದ್ದಾಗ ಹರಕೆ ಹೊತ್ಕಂಡವ್ರೆ ಅಕ್ಕಾ. ಆಂಜನೇಯನಿಗೆ."

ಕದರಮ್ಮ ಬಾಗಿಲಲ್ಲಿ ನಿಂತು ಸೊಸೆಯನ್ನು ನೋಡಿದಳು. ಅವಳು ಆಸ್ಪತ್ರೆಯಲ್ಲಿ ಹೊತ್ತುಕೊಂಡದ್ದು ಆಪರೇಶನ್ನಿನ ಹಸಿರು ಬಟ್ಟೆ ಒಂದೇ.

"ಎಷ್ಟು ಸುತ್ತು? ಎಷ್ಟು ದಿನ?" ಒಳಗಿಂದ ಓಬಳಮ್ಮ. ಇಂಥ ವಿಷಯಕ್ಕೆ ಆಕೆಯ ಕಿವಿ ಇಪ್ಪತ್ತು ವರ್ಷದ ಹುಡುಗಿಯದು.

"ದಿನಕ್ಕೆ ನೂರೆಂಟು," ಎಂದಳು ಗಂಗಲಕ್ಷ್ಮಿ ಕ್ಲಿಪ್ಪು ಸಿಕ್ಕಿಸುತ್ತ. "ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ನಲವತ್ತೆಂಟು ದಿನ."

ಐವತ್ತನಾಲ್ಕು ಸುತ್ತಿಗೆ ಸರಿಯಾಗಿ ಅರ್ಧ ಗಂಟೆ ಹಿಡಿಯಿತು. ಬೀದಿಯವರು ಕದರಮ್ಮ ಬಂದರೆ ಕಾಲು ಮಡಿಚಿ ದಾರಿ ಬಿಡತೊಡಗಿದರು. ಫಾತಿಮಾಬಿ, "ಬೇಗ ಆರಾಮ್ ಆಗ್ಲಿ ಅಂತ ನಾನೂ ದುವಾ ಮಾಡ್ತೀನಿ," ಎಂದಳು. ಗಂಗಲಕ್ಷ್ಮಿ ನಿಶ್ಚಿಂತೆಯಿಂದ ವ್ಯಾನು ಹತ್ತಿದಳು.

ಐದಾರು ದಿನ ಕಳೆದ ಮೇಲೆ ಅತ್ತೆಯ ಬಳೆ ಮೊಣಕೈ ತನಕ ಜಾರುವುದನ್ನು ಕಂಡು, "ಸಣ್ಣ ಆಗಿದ್ದೀರ," ಎಂದಳು. "ನಡೆದ್ರೆ ಆಗಲ್ವಾ?" ಎಂದಳು ಕದರಮ್ಮ. ಸಿಡುಕು ಜಾಸ್ತಿಯಾಗಿತ್ತು. ಸಂಜೆ ದೀಪ ಹಚ್ಚಿದ ಕೂಡಲೇ ಎರಡು ಮುದ್ದೆಯನ್ನು ಯಾರೋ ಕಿತ್ತುಕೊಳ್ಳುತ್ತಾರೆನ್ನುವಂತೆ ಉಣ್ಣುತ್ತಿದ್ದಳು. ನಡೆದವರಿಗೆ ಹಸಿವು ಸಹಜ ಎಂದುಕೊಂಡಳು ಸೊಸೆ.

ಮುಂದಿನ ಭಾನುವಾರ ಓವರ್‌ಟೈಮಿಗೆ ಹೋದಳು. ಅದಾದ ನಾಲ್ಕನೆಯ ದಿನ ಕಂಪನಿಯಲ್ಲಿ ಕರೆಂಟು ಕೈಕೊಟ್ಟು ಎಲ್ಲರಿಗೂ ರಜೆ. ಬೆಳಿಗ್ಗೆ ಎಂಟೂವರೆಗೆ, ಮಗಳು ಹರ್ಷಿತಾಳನ್ನು ಸ್ಕೂಲಿಗೆ ಕಳಿಸಿ, ಗಂಗಲಕ್ಷ್ಮಿ ಅಪರೂಪಕ್ಕೆ ಮನೆಯಲ್ಲಿ ಕೂತು ಬಿಸಿ ಉಪ್ಪಿಟ್ಟು ತಿನ್ನುತ್ತಿದ್ದಳು. ಗುಡಿಯಿಂದ ಬಂದ ಕದರಮ್ಮ ಎಲ್ಲರಿಗೂ ಬಡಿಸಿದಳು, ಬಾಣಲೆ ಮುಚ್ಚಿದಳು, ಒಂದು ಲೋಟ ನೀರು ಕುಡಿದು ಕಂಬಕ್ಕೆ ಒರಗಿದಳು.

"ನೀವು ತಿನ್ನಿ ಅತ್ತೆ."

"ಆಮ್ಯಾಕೆ."

"ಆಮ್ಯಾಕೆ ಅಂದ್ರೆ? ಮಾತ್ರೆ ತಗಳ್ಳೋದು ಯಾವಾಗ?"

ಗಂಗಲಕ್ಷ್ಮಿ ಎದ್ದು ಗೂಡಿನ ಡಬ್ಬಿ ತೆಗೆದಳು. ರಾತ್ರಿಯ ಮಾತ್ರೆಯ ಪಟ್ಟಿ ಅರ್ಧ ಮುಗಿದಿತ್ತು. ಬೆಳಗಿನ ಮಾತ್ರೆಯ ಪಟ್ಟಿ, ಹರಕೆ ಶುರುವಾದ ದಿನ ತಾನೇ ತಂದಿಟ್ಟದ್ದು, ಒಂದು ಗುಳ್ಳೆಯೂ ಒಡೆಯದೆ ಹಾಗೇ ಮಲಗಿತ್ತು. ಬೆರಳು ಮಡಿಚಿದಳು. ಹನ್ನೊಂದು ದಿನ.

"ಏನಿದು?"

"ಹರಕೇಲಿ ಇರೋಳು ನೂರೆಂಟು ಮುಗಿಯೋಗಂಟ ಬಾಯಿಗೆ ಏನೂ ಹಾಕಂಗಿಲ್ಲ," ಎಂದಳು ಓಬಳಮ್ಮ, ತಿಳಿಯದವರಿಗೆ ತಿಳಿಸುವ ಧ್ವನಿಯಲ್ಲಿ. "ನಾನೇ ಹೇಳ್ದೆ. ನಿಂಗೆ ಅದೆಲ್ಲಿ ಗೊತ್ತಿರ್ತದೆ."

"ಡಾಕ್ಟ್ರು ಖಾಲಿ ಹೊಟ್ಟೆಗೆ ನುಂಗಬ್ಯಾಡ ಅಂತ ನಿನ್ ಮುಂದೇನೆ ಅಂದ್ರಲ್ಲ," ಎಂದಳು ಕದರಮ್ಮ. "ಅದಕ್ಕೇ ನುಂಗಿಲ್ಲ. ಇಬ್ರ ಮಾತೂ ಮೀರಿಲ್ಲ ಕಣೇ ನಾನು."

ಆಸ್ಪತ್ರೆಯ ಚೀಟಿಯಲ್ಲಿದ್ದ ನಂಬರಿಗೆ ಗಂಗಲಕ್ಷ್ಮಿ ಫೋನು ಮಾಡಿದಳು. ಆ ಕಡೆಯ ಚಿಕ್ಕ ಡಾಕ್ಟರು ಹೆಸರು ಕೇಳಿದರು, ತಾರೀಖು ಕೇಳಿದರು, "ಹನ್ನೊಂದು ದಿನಾನಾ?" ಎಂದು ಎರಡು ಸಲ ಕೇಳಿದರು. "ಅಮ್ಮಾ, ಆ ಸ್ಟೆಂಟ್ ಯಾವ ಗಳಿಗೇಲಿ ಬೇಕಾದ್ರೂ ಕಟ್ಟಿಕೊಳ್ಳುತ್ತೆ. ಕಟ್ಟಿಕೊಂಡರೆ ಇಲ್ಲಿ ತನಕ ತರೋಕೂ ಆಗಲ್ಲ. ಈಗಲೇ ಮಾತ್ರೆ ಕೊಡಿ, ಕೊಟ್ಟು ಶಿರಾದಲ್ಲೇ ಇಸಿಜಿ ಮಾಡಿಸಿ. ಎದೆ ನೋವಿದೆಯಾ ಈಗ?"

ಗಂಗಲಕ್ಷ್ಮಿ ಅತ್ತೆಯನ್ನು ನೋಡಿದಳು. ಕದರಮ್ಮನ ಬಲಗೈ ಎಡಭುಜವನ್ನು ಒತ್ತುತ್ತಿತ್ತು.

"ನಿನ್ನೆಯಿಂದ ಒಸಿ ಹಿಡ್ದಂಗೈತೆ," ಎಂದಳು ಕದರಮ್ಮ. "ಸುತ್ತೋವಾಗ. ನಿಂತ್ರೆ ಹೋಗ್ತದೆ."

ಉಪ್ಪಿಟ್ಟಿನ ತಟ್ಟೆ, ನೀರು, ಮಾತ್ರೆ ಮೂರನ್ನೂ ಗಂಗಲಕ್ಷ್ಮಿ ಅವಳ ಮುಂದೆ ತಂದಿಟ್ಟಳು. ಕದರಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸಂಜೆ ತಗಂತೀನಿ. ಸುತ್ತು ಮುಗುಸ್ಕಂಡು."

"ಸಂಜೆಗಂಟ ಇರ್ತೀಯೇನಮ್ಮ ನೀನು?" ಮುತ್ತುರಾಜು ಆಟೊ ಕೀಲಿ ಹಿಡಿದು ಕೂಗಿದ. "ಗಂಗಾ, ಹಿಡ್ಕೋ ಇವಳ ಕೈನ. ಬಾಯಿ ಬುಡಿಸಿ ಹಾಕಾನ."

"ಹಾಕ್ಲಾ, ಹಾಕು! ಉಗುದ್ಬುಡ್ತೀನಿ!"

"ಹರಕೆ ಮುರುದ್ರೆ ಮೊದ್ಲು ತಟ್ಟೋದು ಹೆತ್ತ ಮಕ್ಕಳಿಗೆ," ಎಂದಳು ಓಬಳಮ್ಮ. ಆದರೆ ಆಕೆಯ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಆಕೆಯೂ ಕದರಮ್ಮನ ಬಲಗೈ ಎಲ್ಲಿದೆಯೆಂದು ನೋಡುತ್ತಿದ್ದಳು.

ಗಂಗಲಕ್ಷ್ಮಿ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬೀದಿಗೆ ಕೇಳದಂತೆ ಹೇಳಿದಳು. "ಹರಕೇನೇ ಇಲ್ಲ ಅತ್ತೆ. ನಾನು ಕಟ್ಟಿದ ಕತೆ. ನಿಮಗೇ ಗೊತ್ತು. ಬಟ್ಟೆ ಹರವ್ತಾ ಬಾಯಿಗೆ ಬಂದಂಗೆ ಅಂದೆ."

"ನೀನಂದಾಗ ಸುಳ್ಳೇ," ಎಂದಳು ಕದರಮ್ಮ ಸಮಾಧಾನವಾಗಿ. "ನಾನು ಮಾರ್ನೆ ದಿನ ಹೋಗಿ ಸ್ವಾಮಿ ಮುಂದೆ ಕೈ ಮುಗ್ದು, ಸೊಸೆ ಹೇಳವಳೆ, ನಡೆಸ್ಕೊಡ್ತೀನಿ ಅಂದೆನಲ್ಲ? ಸುಳ್ಳು ಅಂತ ಈಗ ಹೇಳಿ ಬರಕ್ಕೆ ಆಯ್ತದಾ? ಈಗ ಅದು ನಂದು."

ಸುಳ್ಳನ್ನು ಹೇಳಿ ದಕ್ಕಿಸಿಕೊಳ್ಳುವುದು ಗಂಗಲಕ್ಷ್ಮಿಗೆ ಗೊತ್ತಿತ್ತು. ಬೇರೆಯವರು ಅದನ್ನು ನಿಜ ಮಾಡಿಕೊಂಡ ಮೇಲೆ ವಾಪಸು ಪಡೆಯುವುದು ಹೇಗೆಂದು ಗೊತ್ತಿರಲಿಲ್ಲ. ಹೊರಗೆ ಮಿಲ್ಲು ಶುರುವಾಗಿ ಗೋಡೆಯ ಕ್ಯಾಲೆಂಡರು ನಡುಗತೊಡಗಿತು. ಕದರಮ್ಮನ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು. ಮೂಡಲಗಿರಿಯಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ, ಈ ಸಲ ತಲೆಯಾಡಿಸಲಿಲ್ಲ.

"ಏನಾಗೈತೆ ಇವಳಿಗೆ?" ಎಂದ ದೊಡ್ಡದಾಗಿ. ಹೆಂಡತಿಯ ಪಕ್ಕ ಬಂದು ಕೂತ.

ಗಂಗಲಕ್ಷ್ಮಿ ಓಬಳಮ್ಮನ ಕಡೆ ತಿರುಗಿದಳು.

"ಅಜ್ಜೀ, ಉಪವಾಸ ಬದಲಿ ಹಿಡಿಯಂಗಿಲ್ವಾ? ಸುತ್ತು ಒಬ್ರು, ಉಪವಾಸ ಒಬ್ರು?"

ಮುದುಕಿ ಒಂದು ಎಲೆಯ ನಾರು ಬಿಡಿಸಿದಳು.

"ಇವನು ಹೊಟ್ಟೇಲಿದ್ದಾಗ," ಎಂದು ಓಬಳಮ್ಮ ಮಗನತ್ತ ಗದ್ದ ತೋರಿಸಿದಳು, "ನನ್ನ ಶನಿವಾರದ ಉಪವಾಸಗಳ್ನ ನಮ್ ನಾದಿನಿ ಹಿಡಿದಿದ್ಲು. ಬಸುರಿ ಹಸ್ಕಂಡಿರಬಾರ್ದು ಅಂತ."

"ನಡೀತಾ?"

"ನಡೀತು. ಇವನು ಹುಟ್ಟಿಲ್ವಾ?"

"ಹಂಗಾದ್ರೆ ಅತ್ತೆ ಉಪವಾಸ ನಂಗೆ ಕೊಡ್ಸಿ."

"ತಮಾಸೆ ಅಲ್ಲ ಕಣಮ್ಮ. ಕೈ ಬದ್ಲಾದ್ರೆ ಮೊದಲಿಂದ ಎಣಿಸ್ಬೇಕು. ಪೂರಾ ನಲವತ್ತೆಂಟು. ದೀಪ ಹಚ್ಚೋಗಂಟ ನೀರು ಬುಟ್ರೆ ಏನೂ ಇಲ್ಲ. ಮಿಷನ್ ಮುಂದೆ ತಲೆ ತಿರುಗಿ ಬಿದ್ರೂ ಇಲ್ಲ. ನೀನು ಒಂದು ಅಗುಳು ಬಾಯಿಗೆ ಹಾಕಂಡ್ರೂ ಅದು ಇವಳಿಗೇ ತಿರ್ಗ್ತದೆ. ಹಿಡೀತೀಯಾ?"

ಉಪ್ಪಿಟ್ಟು ಅರ್ಧ ತಿಂದಾಗಿತ್ತಲ್ಲ ಎಂದು ಮುತ್ತುರಾಜು ಏನೋ ಹೇಳಹೊರಟ. ಅಜ್ಜಿ ಅವನತ್ತ ನೋಡಿದ ರೀತಿಗೆ ಬಾಯಿ ಮುಚ್ಚಿದ.

"ಹಿಡೀತೀನಿ."

ಹರಕೆ ಶುರುವಾದ ದಿನ ತಾನೇ ಕಟ್ಟಿದ್ದ ಅರಿಸಿನ ಕೊಂಬಿನ ದಾರವನ್ನು ಓಬಳಮ್ಮ ಕದರಮ್ಮನ ಮಣಿಕಟ್ಟಿನಿಂದ ಬಿಚ್ಚಿ ಗಂಗಲಕ್ಷ್ಮಿಯ ಮಣಿಕಟ್ಟಿಗೆ ಬಿಗಿದಳು. ಗಂಟು ಎರಡು ಸಲ ಜಾರಿತು. ಬಿಗಿದ ಮೇಲೆ ಕದರಮ್ಮನ ಮೇಲೆ ರೇಗಿದಳು. "ಇನ್ನೇನು ಮಕ ನೋಡ್ತಾ ಕೂತಿದ್ದೀಯ? ತಿನ್ನೇ, ಕದರೀ!"

ಕದರಮ್ಮ ನಾಲ್ಕು ತುತ್ತು ತಿಂದು, ಡಾಕ್ಟರು ಹೇಳಿದಷ್ಟು ಮಾತ್ರೆ ನುಂಗಿದಳು. ಆಸ್ಪತ್ರೆಗೆ ಹೋಗುವಾಗ ಗೂಡ್ಸ್ ಆಟೊದಲ್ಲಿ ಕದರಮ್ಮನನ್ನು ಹಿಂದೆ ಕೂರಿಸಲು ಗಂಗಲಕ್ಷ್ಮಿ ಬಿಡಲಿಲ್ಲ. ಗಂಡನನ್ನು ಪಕ್ಕಕ್ಕೆ ಒತ್ತರಿಸಿ ಅತ್ತೆಯನ್ನು ಮುಂದೆಯೇ ಕೂರಿಸಿ, ತಾನು ಹಿಂದೆ ಕಬ್ಬಿಣದ ಕಂಬಿ ಹಿಡಿದು ನಿಂತಳು. ಎದುರು ಮನೆಯವಳು ಓಡಿ ಬಂದು, "ಎಲ್ಲಿಗೆ?" ಎಂದಳು. ಗಂಗಲಕ್ಷ್ಮಿಗೆ ಜೀವನದಲ್ಲಿ ಮೊದಲ ಸಲ ನೆಪ ಹೊಳೆಯಲಿಲ್ಲ.

ಇಸಿಜಿಯ ಕಾಗದವನ್ನು ನೋಡಿದ ಶಿರಾದ ಡಾಕ್ಟರು, ಹೊಸದಾಗಿ ಏನೂ ಆದಂತಿಲ್ಲ ಎಂದರು. ಆಮೇಲೆ ಕಾಲು ಗಂಟೆ ಬೈದರು. ಬೈಸಿಕೊಳ್ಳುವಾಗ ಮೂವರೂ ತಲೆಯಾಡಿಸಿದರು. ಸಂಜೆ ತನಕ ಮಲಗಿಸಿಕೊಂಡು ಕಳಿಸಿದರು. ಮನೆಗೆ ಬಂದ ಕದರಮ್ಮ ಕೇಳಿದ ಮೊದಲ ಮಾತು, ಇವತ್ತಿನ ಸಂಜೆಯ ಐವತ್ತನಾಲ್ಕು ಸುತ್ತು ಏನಾಯಿತೆಂದು. "ನಾನು ಹಾಕ್ಬಂದೆ," ಎಂದಳು ಓಬಳಮ್ಮ ಗೋಡೆ ಕಡೆ ನೋಡುತ್ತ. ಎರಡು ವರ್ಷದಿಂದ ಹೊಸಿಲು ದಾಟದವಳು ಹೇಗೆ ಹಾಕಿದಳೆಂದು ಯಾರೂ ಕೇಳಲಿಲ್ಲ. ಅವಳ ಕಾಲಿಗೆ ಮೂಡಲಗಿರಿಯಪ್ಪ ಬಿಸಿ ಎಣ್ಣೆ ಹಚ್ಚುತ್ತಿದ್ದ.

ಉಪವಾಸದ ಮೂರನೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ ಗಾರ್ಮೆಂಟ್ಸಿನಲ್ಲಿ ಊಟದ ಬೆಲ್ಲು ಹೊಡೆಯಿತು. ಪಕ್ಕದ ಮಿಷನ್ನಿನ ಲಕ್ಷ್ಮೀದೇವಿ ಡಬ್ಬಿ ತೆರೆದಳು. ಚಿತ್ರಾನ್ನ. ಮೇಲೆ ಹುರಿದ ಕಡಲೆಬೀಜ ಇನ್ನೂ ಗರಿಗರಿಯಾಗಿತ್ತು.

"ತಗಳೇ ಒಂದ್ ತುತ್ತು. ಮಕ ನೋಡು ಹೆಂಗಾಗೈತೆ. ನಿಮ್ ಆಂಜನೇಯನಿಗೆ ಈ ಶೆಡ್ಡೊಳಗೆ ಕಾಣ್ತದಾ?"

ಫ್ಯಾನಿನ ಕೆಳಗೂ ಸೂಜಿಯ ತುದಿ ಎರಡೆರಡಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ನಿನ್ನೆಯೂ ಇದೇ ಹೊತ್ತಿಗೆ ಬಂದಿತ್ತು.

"ಏನಾರ ತಿಂದ್ಯಾ?" ಎಂದಳು ಕದರಮ್ಮ.

"ಇಲ್ಲ ಅತ್ತೆ. ನೀವು?"

"ಎರಡು ದೋಸೆ ತಿಂದೆ. ಮಾತ್ರೆ ನುಂಗ್ದೆ. ಬೆಳಿಗ್ಗೆದು ಐವತ್ತನಾಲ್ಕೂ ಆಯ್ತು, ಎದೆ ಹಿಡೀಲಿಲ್ಲ. ನೋಡು, ಸುಳ್ಳು ಹೇಳ್ಬ್ಯಾಡ. ತಿಂದಿದ್ರೆ ಹೇಳ್ಬುಡು, ಬೈಯಲ್ಲ. ನಾಳೆಯಿಂದ ನನ್ನ ಉಪವಾಸ ನಾನೇ ಹಿಡ್ಕತೀನಿ."

"ಅತ್ತೆ, ತಿಂದಿಲ್ಲ."

"ನಿನ್ ಮಗಳ ಮೇಲೆ ಆಣೆ?"

"ಹರ್ಷಿತಾ ಮೇಲೆ ಆಣೆ."

ಫೋನು ಇಟ್ಟಾಗ ಲಕ್ಷ್ಮೀದೇವಿ ತುತ್ತು ಹಿಡಿದ ಕೈಯನ್ನು ಹಾಗೇ ಚಾಚಿಕೊಂಡಿದ್ದಳು.

"ಆಣೆ ಮಾಡಿದ್ದಾಯ್ತಲ್ಲ, ಇನ್ನು ಬಾಯಿ ಬುಡು. ಎಂಟು ವರ್ಷದಲ್ಲಿ ನೀನು ಎಷ್ಟು ಅಜ್ಜಿಗಳ್ನ ಸಾಯ್ಸಿ ರಜ ತಗಂಡಿಲ್ಲ?"

ಗಂಗಲಕ್ಷ್ಮಿ ಆ ಕೈಯನ್ನು ಮೆಲ್ಲಗೆ ಡಬ್ಬಿಯ ಕಡೆಗೆ ತಿರುಗಿಸಿದಳು. ಬಾಟಲಿಯಲ್ಲಿ ಉಳಿದಿದ್ದ ನೀರನ್ನೆಲ್ಲ ಕುಡಿದಳು.

"ಇನ್ನೆಷ್ಟು ದಿನ ಹಿಂಗೆ?"

"ನಲವತ್ತೈದು," ಎಂದು, ಬೆಲ್ಲು ಹೊಡೆಯುವುದಕ್ಕೆ ಮೊದಲೇ ಮುಂದಿನ ಕಾಲರನ್ನು ಸೂಜಿಯ ಕೆಳಗೆ ಎಳೆದುಕೊಂಡಳು.